ಚಂದ್ರಂಪಳ್ಳಿ ಜಲಾಶಯದ ಬಳಿ ಕ್ಯಾರವಾನಿನಲ್ಲಿ ಕುಟುಂಬದೊಡನೆ ತಂಗುವುದು: ನೆಲ, ನೀರು, ಕರೆಂಟು, ಚಾರಣ

ಜೇವರ್ಗಿ ರಸ್ತೆಯ ನಿವಾಸಿ, ಕಲಬುರಗಿ

ಎಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಮಕ್ಕಳ ಡಿಸೆಂಬರ್ ರಜೆಯಲ್ಲಿ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ಹತ್ತಿರ ಕೆಲವು ರಾತ್ರಿ ಕ್ಯಾರವಾನಿನಲ್ಲಿ ತಂಗಬೇಕೆಂದು ಯೋಚಿಸಿದ್ದೇವೆ. ಬಾಡಿಗೆಗೆ ಸಿಗುವ ವಾಹನವು ಟೆಂಪೊ ಟ್ರಾವೆಲರ್ ಗಾತ್ರದ್ದು. ಒಳಗೆ ಐವರು ಮಲಗುವಷ್ಟು ಜಾಗ, ಸಣ್ಣ ಅಡುಗೆ ಕಟ್ಟೆ, ಪುಟ್ಟ ಶೌಚಾಲಯ, 100 ಲೀಟರಿನ ನೀರಿನ ಟ್ಯಾಂಕು ಇರುತ್ತವೆಂದು ಮಾಲೀಕರು ತಿಳಿಸಿದ್ದಾರೆ. ನಾನು, ಮನೆಯವರು, ಇಬ್ಬರು ಮಕ್ಕಳು, ಜೊತೆಗೆ ಮಂಡಿ ನೋವಿರುವ ನಮ್ಮ ಅವ್ವ ಬರುತ್ತಾರೆ.

ನೀರಿನ ಅಂಚಿಗೇ ಗಾಡಿ ನಿಲ್ಲಿಸಿ, ಬೆಳಿಗ್ಗೆ ಬಾಗಿಲು ತೆರೆದರೆ ಕೆರೆ ಕಾಣುವಂತಿರಬೇಕೆಂಬುದು ಮಕ್ಕಳ ಹಟ. ಅದಕ್ಕೆ ಅಲ್ಲಿ ಅವಕಾಶವಿದೆಯೇ, ವಿದ್ಯುತ್ ಮತ್ತು ಕುಡಿಯುವ ನೀರಿಗೆ ಏನು ಮಾಡಬೇಕು, ಹತ್ತು ವರ್ಷದ ಮಗಳು ಮತ್ತು ಆರು ವರ್ಷದ ಮಗ ನಡೆಯಬಲ್ಲಂಥ ಚಾರಣದ ದಾರಿಗಳು ಯಾವುವು, ಶೌಚಾಲಯದ ಟ್ಯಾಂಕನ್ನು ಎಲ್ಲಿ ಖಾಲಿ ಮಾಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಕುಂಚಾವರಂ ಕಾಡಂಚು

ಅಣ್ಣನವರೇ, ಮೊದಲು ಜಾಗದ ಸ್ವರೂಪವನ್ನು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಮೊದಲ ಪ್ರಶ್ನೆಯ ಉತ್ತರ ಅದರಲ್ಲೇ ಇದೆ. ಚಂದ್ರಂಪಳ್ಳಿ ಎಂಬುದು ಊರ ಹೊರಗಿನ ಸಾಮಾನ್ಯ ಕೆರೆಯಲ್ಲ. ಸರನಾಲಾ ಎಂಬ ಹೊಳೆಗೆ ಅಡ್ಡಲಾಗಿ ಗುಡ್ಡಗಳ ನಡುವೆ ಕಟ್ಟಿದ ಜಲಾಶಯವದು, ಅದರ ಸುತ್ತಲಿರುವುದು ಚಿಂಚೋಳಿ ವನ್ಯಜೀವಿ ಧಾಮ. 2011ರಲ್ಲಿ ಘೋಷಣೆಯಾದ ಈ ಧಾಮದ ವಿಸ್ತೀರ್ಣ 134.88 ಚದರ ಕಿ.ಮೀ. ಕೃಷ್ಣಮೃಗ, ಕತ್ತೆಕಿರುಬ, ತೋಳ, ಕೊಂಡಕುರಿ, ಕಾಡುಹಂದಿ ಎಲ್ಲವೂ ಇಲ್ಲಿ ಇವೆ. ಶ್ರೀಗಂಧ, ರಕ್ತಚಂದನದ ಮರಗಳೂ ಇವೆ. ಬಿಸಿಲುನಾಡಿನಲ್ಲಿ ಇಂಥ ಕಾಡಿದೆಯೆಂದರೆ ಬೆಂಗಳೂರಿನವರು ಈಗಲೂ ನಂಬುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗೆ ಪ್ರವೇಶಿಸಲು, ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಆದ್ದರಿಂದ ಇಷ್ಟ ಬಂದ ಕಡೆ, ಅದರಲ್ಲೂ ನೀರಿನ ಅಂಚಿನಲ್ಲಿ, ಗಾಡಿ ನಿಲ್ಲಿಸಿ ರಾತ್ರಿ ಕಳೆಯುವ ಆಲೋಚನೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು. ಕಾನೂನಿನ ಮಾತು ಹಾಗಿರಲಿ, ಸಂಜೆ ಮತ್ತು ನಸುಕಿನಲ್ಲಿ ಪ್ರಾಣಿಗಳು ನೀರಿಗೆ ಇಳಿಯುವ ದಾರಿಯೂ ಅದೇ ಅಂಚು. ಅಲ್ಲಿ ದೀಪ ಹಚ್ಚಿಕೊಂಡು ಒಂದು ಮನೆಯೇ ಬಂದು ನಿಂತರೆ ಆ ರಾತ್ರಿ ಅವು ನೀರಿಲ್ಲದೆ ಹಿಂದಿರುಗುತ್ತವೆ.

ಜಲಾಶಯದ ಬಳಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದ್ದು, ತಂಗಲು ಕಾಟೇಜು ಮತ್ತು ಡೇರೆಗಳಿವೆ. ನೀವು ಚಿಂಚೋಳಿಯ ವನ್ಯಜೀವಿ ವಲಯದ ಕಚೇರಿಗೆ ಮುಂಚಿತವಾಗಿ ಹೋಗಿ, ಶಿಬಿರದ ಆವರಣದಲ್ಲೇ ವಾಹನ ನಿಲ್ಲಿಸಿ ರಾತ್ರಿ ತಂಗಲು ಲಿಖಿತ ಅನುಮತಿ ಕೇಳಿ. ಕೊಟ್ಟರೆ ಎಲ್ಲವೂ ಸರಳವಾಗುತ್ತದೆ. ಕೊಡದಿದ್ದರೆ ಚಿಂಚೋಳಿ ಪಟ್ಟಣದಲ್ಲಿ ಗಾಡಿ ನಿಲ್ಲಿಸಿ ಹಗಲು ಮಾತ್ರ ಬಂದು ಹೋಗಬೇಕಾಗುತ್ತದೆ. ಗಾಡಿ ಕೆರೆಗೆ ಹತ್ತಿರವಿರಬೇಕಾಗಿಲ್ಲ, ಮಕ್ಕಳು ಹತ್ತಿರ ಹೋದರೆ ಸಾಕಲ್ಲವೇ?

ಗ್ಯಾರೇಜ್ ಕಾಕಾ, ಹುಮನಾಬಾದ್

ಮೇಲಿನವರು ಹೇಳಿದ್ದಕ್ಕೆ ನೆಲದ ವಿಷಯವನ್ನು ಸೇರಿಸುತ್ತೇನೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಕ್ಯಾರವಾನಿನ ಸುಖ-ದುಃಖವನ್ನು ನಿರ್ಧರಿಸುವುದು ಎಂಜಿನ್ ಅಲ್ಲ, ಗಾಲಿಯ ಕೆಳಗಿನ ಮಣ್ಣು. ಬೀದರ್ ಕಡೆಯ ದಿಬ್ಬದ ಮೇಲೆ, ಚಿಂಚೋಳಿಯ ಗುಡ್ಡಗಳ ಮೇಲೆ ಜಂಬಿಟ್ಟಿಗೆಯ ಕೆಂಪು ನೆಲ ಸಿಗುತ್ತದೆ. ಅದು ಮಳೆಯಾದ ಮರುದಿನವೂ ಗಾಡಿಯ ಭಾರ ತಡೆಯುತ್ತದೆ. ಇಳಿಜಾರು ಮುಗಿದು ಸಮತಟ್ಟಾದ ಕಡೆ ಬಂದಿರೋ, ಅಲ್ಲಿಂದ ಎರೆ ಭೂಮಿ. ಎರೆಯ ಜೇಡಿಗೆ ನೀರು ಕುಡಿದು ಉಬ್ಬುವ ಗುಣವಿದೆ. ಮೇಲಿನ ಪದರ ಒಣಗಿ ಬಿರುಕು ಬಿಟ್ಟಿದ್ದರೂ ಒಂದು ಗೇಣು ಕೆಳಗೆ ಹಸಿಯಿರುತ್ತದೆ. ಮೂರೂವರೆ, ನಾಲ್ಕು ಟನ್ನಿನ ಗಾಡಿ ಸಂಜೆ ಅದರ ಮೇಲೆ ನಿಂತಾಗ ಏನೂ ತಿಳಿಯುವುದಿಲ್ಲ. ಬೆಳಗಾಗುವಷ್ಟರಲ್ಲಿ ಹಿಂದಿನ ಗಾಲಿಗಳು ನಾಲ್ಕು ಬೆರಳು ಇಳಿದಿರುತ್ತವೆ. ಹೊರಡಲು ಆಕ್ಸಿಲರೇಟರ್ ಒತ್ತಿದರೆ ಟೈರಿನ ಗೀರುಗಳಲ್ಲಿ ಮಣ್ಣು ಮೆತ್ತಿಕೊಂಡು ಟೈರು ನುಣ್ಣಗಾಗಿ, ಗಾಲಿ ನಿಂತಲ್ಲೇ ತಿರುಗುತ್ತಾ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಆಮೇಲೆ ಟ್ರ್ಯಾಕ್ಟರ್ ಬರುವವರೆಗೆ ಕಾಯುವುದೊಂದೇ ಕೆಲಸ.

ಜಲಾಶಯದ ಅಂಚಿನ ನೆಲ ಇದಕ್ಕಿಂತ ಕಷ್ಟದ್ದು. ಡಿಸೆಂಬರಿನಲ್ಲಿ ನೀರು ಹಿಂದೆ ಸರಿಯುತ್ತಾ ಹೋದಂತೆ ಹೊರಬರುವ ಜಾಗವೆಲ್ಲ ಹೂಳು. ಮೇಲೆ ತೆಳುವಾಗಿ ಒಣಗಿ, ಬೆಳ್ಳಗೆ, ಗಟ್ಟಿ ಎಂಬಂತೆ ಕಾಣುತ್ತದೆ. ಗರಸು ಹಾಕಿದ ಅಥವಾ ಫರಸಿ ಕಲ್ಲು ಹಾಸಿದ ಜಾಗ ಬಿಟ್ಟು ಬೇರೆಲ್ಲಿಯೂ ರಾತ್ರಿ ನಿಲ್ಲಿಸಬೇಡಿ. ನಿಲ್ಲಿಸುವ ಮೊದಲು ಒಂದು ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಊರಿ ನೋಡಿ. ಕೈಬಲಕ್ಕೇ ಒಂದು ಗೇಣು ಇಳಿದರೆ ಮುಂದಕ್ಕೆ ಹೋಗಿ.

ಇನ್ನು ಕರೆಂಟು. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯೊಂದು ಇರುತ್ತದೆ. ಲೆಕ್ಕದಲ್ಲಿ ಅದು 1,800 ವಾಟ್-ಅವರ್. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಹಾಳಾಗುತ್ತದೆ, ಹೀಗಾಗಿ ಕೈಗೆ ಸಿಗುವುದು 900 ಮಾತ್ರ. 30 ವಾಟಿನ ಎರಡು ಫ್ಯಾನು ರಾತ್ರಿ 8 ಗಂಟೆ ತಿರುಗಿದರೆ 480, ದೀಪ ಮತ್ತು ಮೊಬೈಲುಗಳಿಗೆ 150 ಎಂದಿಟ್ಟುಕೊಳ್ಳಿ. ಉಳಿದದ್ದರಲ್ಲಿ ಫ್ರಿಜ್ಜು ಇಡೀ ದಿನ ಓಡುವುದಿಲ್ಲ. ಒಂದು ಟನ್ನಿನ ಎ.ಸಿ. ಸುಮಾರು 1,000 ವಾಟ್ ಎಳೆಯುತ್ತದೆ. ಒಂದು ಗಂಟೆಯೂ ನಡೆಯದು. ಲಿಥಿಯಂ ಬ್ಯಾಟರಿಯಾದರೆ ಹೆಚ್ಚಿನ ಪಾಲನ್ನು ಬಳಸಬಹುದು, ಆದರೂ ಎ.ಸಿ. ಮಾತು ಬೇಡ. ಕಾಡಿನ ನಡುವೆ ಜನರೇಟರ್ ಹಚ್ಚುವ ಆಸೆ ಅದಕ್ಕಿಂತಲೂ ಬೇಡ. ಡಿಸೆಂಬರಿನಲ್ಲಿ ನಮ್ಮಲ್ಲಿ ಫ್ಯಾನೇ ಹೆಚ್ಚಾಗುತ್ತದೆ. ಮೇ ತಿಂಗಳಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ, ತಗಡಿನ ಗಾಡಿಯೊಳಗೆ ಮಲಗುವೆನೆಂದು ಯಾರಾದರೂ ಕೇಳಿದ್ದರೆ ನಾನು ಉತ್ತರವನ್ನೇ ಬರೆಯುತ್ತಿರಲಿಲ್ಲ.

ಸೇಡಂನಿಂದ ಒಬ್ಬ ಓದುಗ

ಕಾಟೇಜು ಇದೆ, ಡೇರೆ ಇದೆ, ಶೌಚಾಲಯ ಇದೆ ಎಂದ ಮೇಲೆ ಅಷ್ಟು ಬಾಡಿಗೆ ಕೊಟ್ಟು ಮನೆಯನ್ನೇ ಹೊತ್ತುಕೊಂಡು ಹೋಗುವುದು ಯಾತಕ್ಕೆ ಎಂಬುದು ನನಗೆ ಅರ್ಥವಾಗಲಿಲ್ಲ. ಕಾರಿನಲ್ಲಿ ಹೋಗಿ ಕಾಟೇಜಿನಲ್ಲಿ ಇದ್ದರೆ ಮೇಲೆ ಚರ್ಚಿಸಿದ ಸಮಸ್ಯೆಗಳಲ್ಲಿ ಒಂದೂ ಇರುವುದಿಲ್ಲ.

ಜೇವರ್ಗಿ ರಸ್ತೆಯ ನಿವಾಸಿ, ಕಲಬುರಗಿ

ತಮ್ಮ ಪ್ರಶ್ನೆ ಸರಿಯಾದದ್ದೇ, ಸರ್. ಆದರೆ ಅವ್ವನಿಗೆ ರಾತ್ರಿ ಎರಡು-ಮೂರು ಬಾರಿ ಏಳಬೇಕಾಗುತ್ತದೆ, ಕತ್ತಲಲ್ಲಿ ಮೆಟ್ಟಿಲು ಇಳಿದು ಹತ್ತುವುದು ಆಗುವುದಿಲ್ಲ. ದಾರಿಯಲ್ಲಿ ಹೆದ್ದಾರಿಯ ಪಕ್ಕದ ಶೌಚಾಲಯಗಳನ್ನು ಬಳಸಲು ಅವರು ಒಪ್ಪುವುದೂ ಇಲ್ಲ, ಹೀಗಾಗಿ ಮದುವೆ-ಮುಂಜಿವೆಗೆ ಹೊರತು ಎಲ್ಲಿಗೂ ಬರುವುದನ್ನೇ ಬಿಟ್ಟಿದ್ದಾರೆ. ಹಾಸಿಗೆಯಿಂದ ನಾಲ್ಕು ಹೆಜ್ಜೆಗೆ ಕಮೋಡ್ ಇರುತ್ತದೆಂಬ ಒಂದೇ ಕಾರಣಕ್ಕೆ ಈ ಸಲ ಬರಲು ಒಪ್ಪಿದ್ದಾರೆ. ನಮ್ಮ ಪಾಲಿಗೆ ಬಾಡಿಗೆಯ ಬೆಲೆ ಅದರಲ್ಲೇ ತೀರುತ್ತದೆ.

ಕಾಕಾ ಅವರ ಲೆಕ್ಕವನ್ನು ಬರೆದಿಟ್ಟುಕೊಂಡಿದ್ದೇನೆ. ಬಾಡಿಗೆ ಕೊಡುವವರು ಫೋನಿನಲ್ಲಿ ಎ.ಸಿ. ಇಡೀ ರಾತ್ರಿ ನಡೆಯುತ್ತದೆಂದು ಹೇಳಿದ್ದರು. ಬ್ಯಾಟರಿಯ ಸಾಮರ್ಥ್ಯವನ್ನು ಕೇಳಿದ ಮೇಲೆ ಮಾತು ಬದಲಾಯಿತು.

ಆಳಂದದವನು, ಈಗ ಡಲ್ಲಾಸ್ ವಾಸಿ

ನಾನು ಅಮೆರಿಕದ ಟೆಕ್ಸಾಸಿನಲ್ಲಿರುವವನು. ಇಲ್ಲಿನ ರಾಜ್ಯ ಉದ್ಯಾನಗಳಲ್ಲಿ ಕೆರೆಯ ದಂಡೆಗೆ ಇಂಥ ವಾಹನ ತೆಗೆದುಕೊಂಡು ಹೋಗುವುದು ಸಾಮಾನ್ಯ ಕುಟುಂಬಗಳ ರಜೆಯ ಪದ್ಧತಿಯೇ ಆಗಿದೆ. ಅಲ್ಲಿ ವ್ಯವಸ್ಥೆ ಹೇಗಿರುತ್ತದೆಂದು ತಿಳಿದರೆ ನಮ್ಮಲ್ಲಿ ಏನನ್ನು ಕೇಳಬೇಕೆಂಬುದು ಸ್ಪಷ್ಟವಾಗಬಹುದು.

ಪ್ರತಿ ವಾಹನಕ್ಕೂ ಅಂಕಿ ಹಾಕಿದ ನಿಲುಗಡೆಯಿರುತ್ತದೆ. ಗಾಡಿಯ ಉದ್ದವನ್ನು ತಿಳಿಸಿಯೇ ಅದನ್ನು ಕಾಯ್ದಿರಿಸಬೇಕು. ನಿಲುಗಡೆಯ ಪಕ್ಕದಲ್ಲಿ ಒಂದು ಗಿಡ್ಡ ಕಂಬ, ಅದರಲ್ಲಿ 30 ಅಥವಾ 50 ಆಂಪಿಯರಿನ ವಿದ್ಯುತ್ ಸಾಕೆಟ್ಟು, ಕೆಳಗೆ ಕುಡಿಯುವ ನೀರಿನ ನಲ್ಲಿ ಇರುತ್ತವೆ. ಕೆಲವು ಕಡೆ ಕೊಳಚೆಯ ಕೊಳವೆಯನ್ನೂ ಅಲ್ಲೇ ಜೋಡಿಸಬಹುದು. ಇಲ್ಲದಿದ್ದರೆ ಉದ್ಯಾನದ ಬಾಗಿಲ ಬಳಿ ಎಲ್ಲರಿಗೂ ಸೇರಿ ಒಂದು ವಿಸರ್ಜನಾ ಕಟ್ಟೆಯಿದ್ದು, ಹೊರಡುವಾಗ ಸಾಲಿನಲ್ಲಿ ನಿಂತು ಟ್ಯಾಂಕನ್ನು ಖಾಲಿ ಮಾಡಿಕೊಂಡು ಹೋಗುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಕುಡಿಯುವ ನೀರಿನ ಕೊಳವೆಯನ್ನೂ ಕೊಳಚೆಯ ಕೊಳವೆಯನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬಾರದೆಂಬುದು ಇಲ್ಲಿ ಮಕ್ಕಳಿಗೂ ಗೊತ್ತಿರುವ ಶಿಸ್ತು.

ಒಂದು ವಿಷಯ ಮಾತ್ರ ಸ್ವಾರಸ್ಯಕರ. ಇಲ್ಲಿನ ವೋಲ್ಟೇಜ್ 120 ಆದುದರಿಂದ 30 ಆಂಪಿಯರಿನ ಆ ದೊಡ್ಡ ಸಾಕೆಟ್ಟು ಕೊಡುವುದು 3,600 ವಾಟ್. ನಮ್ಮೂರಿನ 230 ವೋಲ್ಟಿನಲ್ಲಿ, ಗೀಜರಿಗೆ ಹಾಕುವ ಸಾಮಾನ್ಯ 16 ಆಂಪಿಯರಿನ ಸಾಕೆಟ್ಟೂ 3,680 ವಾಟ್ ಕೊಡುತ್ತದೆ! ಅಂದರೆ ಪ್ರಕೃತಿ ಶಿಬಿರದ ಕಟ್ಟಡದಲ್ಲಿ ಅಂಥ ಒಂದು ಪಾಯಿಂಟು ಬಳಸಲು ಅನುಮತಿ ಸಿಕ್ಕಿದರೆ, ಅಮೆರಿಕದ ಕ್ಯಾಂಪ್‌ಗ್ರೌಂಡಿಗೆ ಸಮನಾದ ಸೌಕರ್ಯ ನಿಮಗೆ ಚಂದ್ರಂಪಳ್ಳಿಯಲ್ಲೇ ಸಿಕ್ಕಂತೆ.

ಗ್ಯಾರೇಜ್ ಕಾಕಾ, ಹುಮನಾಬಾದ್

ಆಳಂದದ ತಮ್ಮ ಒಳ್ಳೆಯ ಮಾತು ತೆಗೆದರು. ಹಾಗೆ ಕರೆಂಟು ಎಳೆಯುವುದಾದರೆ ಎರಡು ಎಚ್ಚರಿಕೆ ಬೇಕು. ಮನೆಯಲ್ಲಿ ಮೊಬೈಲಿಗೆ ಬಳಸುವ ತೆಳ್ಳನೆಯ ಎಕ್ಸ್‌ಟೆನ್ಷನ್ ಬಾಕ್ಸು ತರಬೇಡಿ. 4 ಚದರ ಮಿ.ಮೀ. ತಾಮ್ರದ ಮೂರು ಎಳೆಯ ಕೇಬಲ್ ತನ್ನಿ, ಸುರುಳಿ ಪೂರ್ತಿ ಬಿಚ್ಚಿ ಹಾಸಿ, ಏಕೆಂದರೆ ಸುತ್ತಿಟ್ಟ ಕೇಬಲ್ ಬಿಸಿಯೇರಿ ಕರಗುತ್ತದೆ. ಎರಡನೆಯದು ಅರ್ಥಿಂಗ್. ಗಾಡಿಯ ಮೈ ಲೋಹದ್ದು, ನಿಂತಿರುವುದು ರಬ್ಬರಿನ ಗಾಲಿಗಳ ಮೇಲೆ. ಒಳಗೆಲ್ಲಾದರೂ ತಂತಿ ಸವೆದಿದ್ದರೆ ಬರಿಗಾಲಲ್ಲಿ ನೆಲದ ಮೇಲೆ ನಿಂತು ಬಾಗಿಲು ಹಿಡಿದವರಿಗೆ ಹೊಡೆಯುತ್ತದೆ. ಸೋರಿಕೆಯಾದರೆ ತಾನೇ ಬೀಳುವ ಆರ್‌.ಸಿ.ಸಿ.ಬಿ. ಸ್ವಿಚ್ಚು ಗಾಡಿಯಲ್ಲಿದೆಯೇ ಎಂದು ಬಾಡಿಗೆ ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಿ, ಅದರ ಟೆಸ್ಟ್ ಗುಂಡಿಯನ್ನು ಒತ್ತಿ ನೋಡಿ.

ಅಡುಗೆಯ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಮೇಲೇರದೆ ಗಾಡಿಯ ನೆಲದಲ್ಲೇ ಸೇರಿಕೊಳ್ಳುತ್ತದೆ. ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಗೆ ತೆರೆದ ಕಿಂಡಿ ಇರಲೇಬೇಕು, ಗಾಡಿ ಓಡುವಾಗ ರೆಗ್ಯುಲೇಟರ್ ಮುಚ್ಚಿರಬೇಕು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಡಿಸೆಂಬರಿನ ರಾತ್ರಿ ಕೆರೆಯ ಮೇಲಿನಿಂದ ಬೀಸುವ ಗಾಳಿ ನಮ್ಮವರಿಗೆ ಅಭ್ಯಾಸವಿಲ್ಲದ ಚಳಿ, ವಯಸ್ಸಾದವರಿದ್ದಾರೆಂದು ಇದ್ದಿಲ ಸಿಗಡಿಯನ್ನು ಗಾಡಿಯೊಳಗೆ ಇಟ್ಟುಕೊಂಡು ಬಾಗಿಲು ಹಾಕುವವರಿದ್ದಾರೆ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಕೌದಿಗಳನ್ನು ಹೆಚ್ಚು ತನ್ನಿ, ಬೆಂಕಿಯನ್ನು ಒಳಗೆ ತರಬೇಡಿ.

ಶೌಚಾಲಯದ್ದು ಬಹುಶಃ ಕ್ಯಾಸೆಟ್ ಮಾದರಿಯ, ಸುಮಾರು 20 ಲೀಟರ್ ಹಿಡಿಯುವ ಪೆಟ್ಟಿಗೆಯಾಗಿರುತ್ತದೆ. ಐವರು ಬಳಸಿದರೆ ಎರಡು ದಿನದೊಳಗೆ ತುಂಬುತ್ತದೆ. ಅದನ್ನು ಎಲ್ಲಿ ಸುರಿಯಬೇಕೆಂಬುದನ್ನು ಕಾಡಂಚಿನವರೇ ಹೇಳಲಿ.

ಕುಂಚಾವರಂ ಕಾಡಂಚು

ಹೊಳೆಗೂ ಹಳ್ಳಕ್ಕೂ ಅಲ್ಲ, ಗುಂಡಿ ತೋಡಿ ಮುಚ್ಚುವುದೂ ಅಲ್ಲ. ಶಿಬಿರದ ಶೌಚಾಲಯಕ್ಕೆ ಸೆಪ್ಟಿಕ್ ಟ್ಯಾಂಕ್ ಇದ್ದು ಸಿಬ್ಬಂದಿ ಒಪ್ಪಿದರೆ ಅಲ್ಲಿಯೇ, ಸ್ವಲ್ಪ ಸ್ವಲ್ಪವಾಗಿ, ನೀರಿನೊಡನೆ ಸುರಿಯಬಹುದು. ಆದರೆ ಪೆಟ್ಟಿಗೆಗೆ ಹಾಕುವ ದ್ರಾವಣ ಫಾರ್ಮಾಲ್ಡಿಹೈಡ್ ಇರುವಂಥದ್ದಾದರೆ ಅದು ಸೆಪ್ಟಿಕ್ ಟ್ಯಾಂಕಿನಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ; ಆದ್ದರಿಂದ ಕಿಣ್ವ ಆಧಾರಿತ ದ್ರಾವಣವನ್ನೇ ಕೇಳಿ ಪಡೆಯಿರಿ. ಸಿಬ್ಬಂದಿ ಒಪ್ಪದಿದ್ದರೆ ಕಲಬುರಗಿಗೆ ಹಿಂದಿರುಗಿ ನಿಮ್ಮ ಮನೆಯ ಶೌಚಾಲಯದಲ್ಲೇ ಖಾಲಿ ಮಾಡಬೇಕು, ಬೇರೆ ಉಪಾಯವಿಲ್ಲ. ಅದಕ್ಕೆ ಹೊಂದುವಂತೆ ಹಗಲಿನಲ್ಲಿ ಎಲ್ಲರೂ ಶಿಬಿರದ ಶೌಚಾಲಯ ಬಳಸಿ, ಗಾಡಿಯದನ್ನು ರಾತ್ರಿಗೆ ಮತ್ತು ಅವ್ವನವರಿಗೆ ಮೀಸಲಿಡಿ.

ಪಾತ್ರೆ ತೊಳೆದ ನೀರನ್ನೂ ಕೆರೆಯ ಕಡೆಗೆ ಹರಿಯಬಿಡಬೇಡಿ. ಸಾಬೂನಿನ ನೊರೆ ತೇಲುವ ನೀರಿಗೆ ಬೆಳಿಗ್ಗೆ ದನಗಳನ್ನು ಹೊಡೆದುಕೊಂಡು ಬರುವ ತಾಂಡಾದ ಜನರಿದ್ದಾರೆ.

ನಿವೃತ್ತ ಶಿಕ್ಷಕಿ, ಬೀದರ್

ತಮ್ಮಾ, ಚಾರಣದ ಬಗ್ಗೆ ಇನ್ನೂ ಯಾರೂ ಬರೆಯಲಿಲ್ಲವಾದ್ದರಿಂದ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ವಿದ್ಯಾರ್ಥಿಗಳ ಜೊತೆ ಈ ಗುಡ್ಡಗಳಲ್ಲಿ ಅಡ್ಡಾಡಿದವಳು ನಾನು. ದೊಡ್ಡವರಿಗೆ ಇಳಿಜಾರೆನಿಸುವುದು ಆರು ವರ್ಷದವನಿಗೆ ಬೆಟ್ಟವೆನಿಸುತ್ತದೆ ಎಂಬುದನ್ನು ನೆನಪಿನಲ್ಲಿಡಿ.

ಮೊದಲ ದಿನ ಸಂಜೆ ಜಲಾಶಯದ ಏರಿಯ ಮೇಲಿನ ನಡಿಗೆ ಸಾಕು. ಅದು ಸಮತಟ್ಟು, ಇಲಾಖೆಯವರು ಬಿಟ್ಟಷ್ಟು ದೂರ ಅವ್ವನವರೂ ಕೈಹಿಡಿದು ಬರಬಹುದು. ಒಂದು ಕಡೆ ನೀರು, ಅದರಾಚೆ ಒಂದರ ಹಿಂದೊಂದು ಗುಡ್ಡ; ಸೂರ್ಯ ಇಳಿಯುವಾಗ ಸುತ್ತಲ ಒಣಹುಲ್ಲೆಲ್ಲ ಸಜ್ಜೆ ರೊಟ್ಟಿಯ ಬಣ್ಣಕ್ಕೆ ತಿರುಗುತ್ತದೆ. ನೀರಿಗೆ ಇಳಿಯುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಜಲಾಶಯದ ತಳ ಕೆರೆಯಂತೆ ಮೆಲ್ಲಗೆ ಆಳವಾಗುವುದಿಲ್ಲ, ಮುಳುಗಿದ ಹಳ್ಳದ ದಂಡೆಯಿಂದ ಒಂದು ಹೆಜ್ಜೆ ತಪ್ಪಿದರೆ ಆಳ. ಈಜು ಬಲ್ಲವರೇ ಹೂಳಿನಲ್ಲಿ ಸಿಕ್ಕಿಕೊಳ್ಳುತ್ತಾರೆ.

ಎರಡನೆಯ ದಿನ ಬೆಳಿಗ್ಗೆ ಎತ್ತಿಪೋತ ಜಲಪಾತದ ಕಡೆ ಹೋಗಬಹುದು. ಅದು ಮಳೆಯನ್ನೇ ನೆಚ್ಚಿದ ಹಳ್ಳ. ಆಗಸ್ಟ್, ಸೆಪ್ಟೆಂಬರಿನಲ್ಲಿ ಭೋರ್ಗರೆಯುವುದು ಡಿಸೆಂಬರಿಗೆ ಬಂಡೆಯ ಮೇಲಿನ ತೆಳುನೀರಾಗಿರುತ್ತದೆ, ಕೆಲವು ವರ್ಷ ಅದೂ ಇರುವುದಿಲ್ಲ. ಹಾಗೆಂದು ಬಿಟ್ಟುಬಿಡಬೇಡಿ. ನೀರು ಕಡಿಮೆಯಾದಾಗಲೇ ಬಂಡೆಯ ಮೆಟ್ಟಿಲುಗಳು ಕಾಣುವುದು, ಮಳೆಗಾಲದಲ್ಲಿ ಪಾಚಿಯಿಂದ ಜಾರುವ ಜಾಗಗಳಲ್ಲಿ ಮಕ್ಕಳು ನಿಶ್ಚಿಂತೆಯಿಂದ ಕೂರಬಹುದು. ಗೊಟ್ಟಂಗೊಟ್ಟದ ಬಕ್ಕಪ್ರಭು ದೇವಸ್ಥಾನವೂ ಕಾಡಿನ ನಡುವೆಯೇ ಇದೆ. ಅವ್ವನವರಿಗೆ ದೇವರ ದರ್ಶನವೂ ಆಗುತ್ತದೆ, ಮಕ್ಕಳಿಗೆ ಮರದ ನೆರಳಲ್ಲಿ ಅಡ್ಡಾಡಿದಂತೆಯೂ ಆಗುತ್ತದೆ. ಒಂದೇ ದಿನ ಎರಡನ್ನೂ ಮುಗಿಸುವ ಆತುರ ಬೇಡ.

ಕಾಡಿನ ದಾರಿಗೆ ಅರಣ್ಯ ಸಿಬ್ಬಂದಿಯೊಬ್ಬರನ್ನು ಕೇಳಿ ಜೊತೆಗೆ ಕರೆದುಕೊಳ್ಳಿ. ಆರೂವರೆಗೆ ಹೊರಟು ಹತ್ತರೊಳಗೆ ಹಿಂದಿರುಗಿದರೆ ಬಿಸಿಲು ತಟ್ಟುವುದಿಲ್ಲ, ಚಳಿಗಾಲವಾದರೂ ನಮ್ಮಲ್ಲಿ ಹನ್ನೊಂದರ ಬಿಸಿಲು ಬಿಸಿಲೇ. ತಲೆಗೆ ಒಂದೊಂದು ಲೀಟರ್ ನೀರು ಕೈಯಲ್ಲಿರಲಿ. ಅರ್ಧ ಪಾಲು ಹೋಗುವಾಗಲೇ ಮುಗಿದರೆ ಜಲಪಾತ ಕಣ್ಣೆದುರಿಗೆ ಇದ್ದರೂ ತಿರುಗಿಬಿಡಿ. ಚಪ್ಪಲಿ ಬೇಡ, ಕಣಕಾಲು ಮುಚ್ಚುವ ಬೂಟು ಬೇಕು. ಈ ಒಣ ಕಲ್ಲುನೆಲದಲ್ಲಿ ಗರಗಸ ಮಂಡಲವೆಂಬ ಚಿಕ್ಕ ಹಾವಿದೆ. ಗೇಣುದ್ದದ್ದು ಕಲ್ಲಿನ ಬಣ್ಣದಲ್ಲೇ ಸುತ್ತಿಕೊಂಡು ಕೂತಿರುತ್ತದೆ. ಮಕ್ಕಳು ಕೂರುವ ಮುನ್ನ ಬಂಡೆಯ ಸಂದುಗಳನ್ನು ಕೋಲಿನಿಂದ ತಟ್ಟಿ. ಯಾರಿಗಾದರೂ ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಮಾಡದೆ, ಆ ಕಾಲನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಅದಕ್ಕಾಗಿಯೇ ಕ್ಯಾರವಾನಿನ ಜೊತೆಗೆ ನೆಂಟರದೋ ಗೆಳೆಯರದೋ ಒಂದು ಸಣ್ಣ ಕಾರು ಇದ್ದರೆ ಒಳ್ಳೆಯದೆಂದು ನಾನು ಹೇಳುತ್ತೇನೆ. ಹಾಸಿಗೆ ಹಾಸಿ, ಕೇಬಲ್ ಎಳೆದು ನಿಲ್ಲಿಸಿದ ಗಾಡಿಯನ್ನು ತುರ್ತಿನಲ್ಲಿ ಹೊರಡಿಸುವುದು ಕಷ್ಟ.

ರಜೆ ಉಳಿದರೆ ಬೀದರಿಗೆ ಬನ್ನಿ. ವಿಲಾಸಪುರ ಕೆರೆಯ ಬಳಿ, ಹೊನ್ನಿಕೇರಿ ಕಾಡಿನ ಅಂಚಿನಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ರೆಸಾರ್ಟ್ ಇದೆ. ಗಾಡಿ ನಿಲ್ಲಿಸಲು ಅವರನ್ನು ಕೇಳಿ ನೋಡಬಹುದು. ಕಾಕಾ ಅವರು ಹೇಳಿದ ಜಂಬಿಟ್ಟಿಗೆ ಎಷ್ಟು ಗಟ್ಟಿಯೆಂಬುದನ್ನು ಮಕ್ಕಳಿಗೆ ತೋರಿಸಬೇಕೆಂದರೆ ಕೋಟೆಯ ಕಂದಕಕ್ಕೆ ಕರೆದೊಯ್ಯಿರಿ. ಒಂದರ ಪಕ್ಕ ಒಂದರಂತೆ ಮೂರು ಕಂದಕಗಳನ್ನು ಆ ಕಲ್ಲಿನಲ್ಲೇ ಕಡಿದಿದ್ದಾರೆ, ನಡುವೆ ಉಳಿಸಿದ ಗೋಡೆಗಳು ಇಂದಿಗೂ ನಿಂತಿವೆ. ನೌಬಾದಿನಲ್ಲಿ ನೆಲದಡಿ ಸುರಂಗ ಕೊರೆದು ಪಟ್ಟಣಕ್ಕೆ ನೀರು ತಂದದ್ದೂ ಇದೇ ನೆಲದಲ್ಲಿ.

ಸುರಪುರದ ಹಕ್ಕಿಪ್ರಿಯ

ನಿಮ್ಮ ಮನೆ ಜೇವರ್ಗಿ ರಸ್ತೆಯಲ್ಲೇ ಇರುವುದರಿಂದ ಯಾದಗಿರಿ ಜಿಲ್ಲೆಯನ್ನೂ ಗಮನಕ್ಕೆ ತರುತ್ತೇನೆ. ಶಹಾಪುರದ ಮಲಗಿದ ಬುದ್ಧನ ಬೆಟ್ಟವನ್ನು ದಾಟಿ ಸುರಪುರಕ್ಕೆ ಬಂದರೆ ಬೋನಾಳ ಪಕ್ಷಿಧಾಮ ಸಿಗುತ್ತದೆ. ಸುರಪುರದ ಅರಸರ ಕಾಲದ ಆ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಆದರೆ ಅದು ಹಗಲಿನಲ್ಲಿ ನೋಡುವ ಜಾಗ. ಸುತ್ತಲಿರುವುದು ಹೊಲ, ಎರೆ ನೆಲ, ಗಾಡಿಯನ್ನು ಡಾಂಬರು ರಸ್ತೆಯಿಂದ ಇಳಿಸಬೇಡಿ.

ನಾರಾಯಣಪುರದ ಬಸವಸಾಗರವನ್ನು ಕಂಡು ಕೆಲವರು ಕೃಷ್ಣೆಯ ದಂಡೆಯಲ್ಲಿ, ಛಾಯಾ ಭಗವತಿಯ ಆಸುಪಾಸಿನಲ್ಲಿ ತಂಗುವ ಮಾತಾಡುತ್ತಾರೆ. 33 ಟಿ.ಎಂ.ಸಿ.ಯ ಅಣೆಕಟ್ಟಿನ ಕೆಳಗಿನ ದಂಡೆಯದು. ಗೇಟು ತೆರೆದಾಗ ನೀರು ದೇವಸ್ಥಾನವನ್ನೇ ಸುತ್ತುವರಿಯುತ್ತದೆ. ಹೊಳೆಯಲ್ಲಿ ಮೊಸಳೆಗಳೂ ಇವೆ. ಮಕ್ಕಳಿರುವ ಕುಟುಂಬಕ್ಕೆ ಚಂದ್ರಂಪಳ್ಳಿಯೇ ಮೇಲು.

ಜೇವರ್ಗಿ ರಸ್ತೆಯ ನಿವಾಸಿ, ಕಲಬುರಗಿ

ಅಕ್ಕನವರಿಗೂ ಎಲ್ಲರಿಗೂ ಕೃತಜ್ಞತೆಗಳು. ನೀರಿನ ಅಂಚನ್ನು ಕೈಬಿಟ್ಟು, ಶಿಬಿರದ ಆವರಣದಲ್ಲೇ ಗಾಡಿ ನಿಲ್ಲಿಸಲು ಅರ್ಜಿ ಕೊಡುವುದೆಂದು ತೀರ್ಮಾನಿಸಿದ್ದೇವೆ. ಬೀದರಿನ ಮಾತನ್ನು ಅವ್ವನೇ ಎತ್ತಿದ್ದಾರೆ, ಅವರಿಗೆ ಅಲ್ಲಿನ ನರಸಿಂಹ ಝರಣಿ ಗುಡಿಯ ಹಂಬಲ. ಇನ್ನೆರಡು ಸಂದೇಹಗಳಿವೆ. ಬಾಡಿಗೆ ಗಾಡಿಗೆ ಅವರ ಚಾಲಕನೇ ಬರುತ್ತಾನಂತೆ. ಅವನು ರಾತ್ರಿ ಮಲಗುವುದೆಲ್ಲಿ? ಸಂಜೆ ಹೊರಗೆ ಕಟ್ಟಿಗೆ ಉರಿಸಿ ಅಡುಗೆ ಮಾಡಬಹುದೇ?

ಕುಂಚಾವರಂ ಕಾಡಂಚು

ಬೆಂಕಿಯ ಮಾತಿಗೆ ಉತ್ತರ ಒಂದೇ: ಇಲ್ಲ. ಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು, ಹೊತ್ತಿದ್ದನ್ನು ಆರಿಸದೆ ಬಿಡುವುದನ್ನು ಅದೇ ಕಾಯ್ದೆಯ 30ನೇ ಕಲಂ ನಿಷೇಧಿಸುತ್ತದೆ. ಡಿಸೆಂಬರಿನ ಹುಲ್ಲಿಗೆ ಒಂದು ಕಿಡಿ ಸಾಕು. ಶಿಬಿರದವರೇ ಗೊತ್ತುಪಡಿಸಿದ ಜಾಗದಲ್ಲಿ ತಾವೇ ಹಚ್ಚಿದರೆ ಅದು ಬೇರೆ ಮಾತು.

ಶಹಾಬಾದಿನ ಗೃಹಿಣಿ

ಅಣ್ಣನವರೇ, ನಮ್ಮ ಸೀಮೆಯ ಊಟಕ್ಕೆ ಅಲ್ಲಿ ಒಲೆಯೇ ಬೇಡ. ಕಡಕ್ ರೊಟ್ಟಿಯನ್ನು ಮನೆಯಲ್ಲೇ ಬಡಿದು, ಪೂರ್ತಿ ಆರಿಸಿ, ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಗಾಡಿಯ ಕುಲುಕಿಗೆ ಮುರಿಯದಂತೆ ಸಂದಿನಲ್ಲಿ ಹಳೆಯ ಟವೆಲು ತುರುಕಿ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ ಜೊತೆಗಿರಲಿ. ಪುಂಡಿ ಪಲ್ಯವನ್ನು ಎಣ್ಣೆ ಮುಂದಾಗಿ ಮಾಡಿದರೆ ಹುಳಿಯ ಗುಣದಿಂದ ಮರುದಿನಕ್ಕೂ ಇರುತ್ತದೆ. ಗ್ಯಾಸಿನಲ್ಲಿ ಚಹಾ, ಮಕ್ಕಳಿಗೆ ಹಾಲು, ಸಂಜೆಗೊಂದು ತೊಗರಿಬೇಳೆಯ ಅನ್ನ ಮಾಡಿದರೆ ಮುಗಿಯಿತು. ಪಾತ್ರೆ ಕಡಿಮೆಯಾದರೆ ನೀರೂ ಉಳಿಯುತ್ತದೆ. 100 ಲೀಟರ್ ಎಂದರೆ ಐವರಿಗೆ ತಲಾ 20; ಅದರಲ್ಲಿ ಸ್ನಾನವಿಲ್ಲ, ಕೈಕಾಲು ಮುಖ, ಪಾತ್ರೆ, ಶೌಚ ಮಾತ್ರ. ಕುಡಿಯಲು ಬೇರೆಯಾಗಿ 20 ಲೀಟರಿನ ಕ್ಯಾನುಗಳನ್ನು ಚಿಂಚೋಳಿಯಲ್ಲಿ ತುಂಬಿಸಿಕೊಳ್ಳಿ.

ಗ್ಯಾರೇಜ್ ಕಾಕಾ, ಹುಮನಾಬಾದ್

ಚಾಲಕನ ವಿಷಯ ಕೇಳಿದ್ದು ಒಳ್ಳೆಯದಾಯಿತು, ಬಹಳ ಮಂದಿ ಕೇಳುವುದೇ ಇಲ್ಲ. ಐದು ಹಾಸಿಗೆಯ ಗಾಡಿಗೆ ಐವರು ಬಂದರೆ ಆ ಹುಡುಗ ಸ್ಟೀರಿಂಗಿನ ಹಿಂದೆ ಕೂತೇ ರಾತ್ರಿ ಕಳೆಯಬೇಕು. ಮರುದಿನ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ಓಡಿಸುವವನೂ ಅವನೇ. ಶಿಬಿರದಲ್ಲಿ ಅವನಿಗೊಂದು ಡೇರೆ ಕಾಯ್ದಿರಿಸಿ, ಅದರ ಖರ್ಚನ್ನು ಬಾಡಿಗೆಯ ಭಾಗವೆಂದೇ ಎಣಿಸಿ. ಒಟ್ಟು ತೂಕ 7,500 ಕಿಲೋ ಮೀರದ ಗಾಡಿ ಲಘು ವಾಹನದ ವರ್ಗಕ್ಕೆ ಸೇರುವುದಾದರೂ, ಮೊದಲ ಸಲಕ್ಕೆ ನೀವೇ ಓಡಿಸುವ ಸಾಹಸ ಬೇಡ. ಎತ್ತರದ ಗಾಡಿ ತಿರುವಿನಲ್ಲಿ ವಾಲುವ ರೀತಿ ಕಾರಿನ ಕೈಗೆ ತಿಳಿಯುವುದಿಲ್ಲ.

ಕಲಬುರಗಿಯನ್ನು ಬೆಳಿಗ್ಗೆಯೇ ಬಿಡಿ. ಡಿಸೆಂಬರ್ ಎಂದರೆ ತೊಗರಿ ರಾಶಿಯ ಕಾಲ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳು ಕತ್ತಲಾದ ಮೇಲೆ ರಸ್ತೆಯ ತುಂಬ ಇರುತ್ತವೆ. ಅಲ್ಲದೆ ಗಾಡಿ ನಿಲ್ಲಿಸುವ ನೆಲವನ್ನು ಹಗಲು ಬೆಳಕಿನಲ್ಲಿ ನೋಡಿ, ಗಾಲಿಗಳ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡಿಕೊಳ್ಳಬೇಕು. ಗಾಡಿ ಓರೆಯಾಗಿ ನಿಂತರೆ ಅವ್ವನವರು ರಾತ್ರಿ ಎದ್ದಾಗ ತೋಲ ತಪ್ಪುತ್ತದೆ.

ಕುಂಚಾವರಂ ಕಾಡಂಚು

ಅರ್ಜಿಯಲ್ಲಿ ಬರೆಯಬೇಕಾದದ್ದನ್ನೂ ಹೇಳಿಬಿಡುತ್ತೇನೆ: ವಾಹನದ ನೋಂದಣಿ ಸಂಖ್ಯೆ, ಉದ್ದ ಮತ್ತು ಎತ್ತರ, ಚಾಲಕನನ್ನೂ ಸೇರಿಸಿ ಎಷ್ಟು ಜನ, ಯಾವ ದಿನದಿಂದ ಯಾವ ದಿನದವರೆಗೆ, 16 ಆಂಪಿಯರಿನ ಒಂದು ಪಾಯಿಂಟಿನ ಕೋರಿಕೆ, ಶೌಚಾಲಯದ ಪೆಟ್ಟಿಗೆ ಖಾಲಿ ಮಾಡುವ ಕೋರಿಕೆ, ಎತ್ತಿಪೋತಕ್ಕೆ ಜೊತೆಗಾರರ ಕೋರಿಕೆ. ಎತ್ತರವನ್ನು ಮರೆಯಬೇಡಿ, ಕಾಡಿನ ರಸ್ತೆಯ ಮೇಲೆ ಬಾಗಿದ ಕೊಂಬೆಗಳನ್ನು ನಿಮಗಾಗಿ ಯಾರೂ ಕಡಿಯುವುದಿಲ್ಲ, ಗಾಡಿ ಹಿಡಿಸದಿದ್ದರೆ ಅದನ್ನು ಅವರು ಮೊದಲೇ ಹೇಳಲಿ. ಒಪ್ಪಿಗೆಯ ಪ್ರತಿಯನ್ನು ಮೊಬೈಲಿನಲ್ಲಿ ಮಾತ್ರವಲ್ಲ, ಕಾಗದದಲ್ಲೂ ಇಟ್ಟುಕೊಳ್ಳಿ, ಏಕೆಂದರೆ ಗುಡ್ಡದ ಮರೆಗೆ ಹೋದ ಮೇಲೆ ನೆಟ್‌ವರ್ಕ್ ನಂಬುವಂತಿಲ್ಲ.